ಡಿಕ್ಕಿ ಮುಚ್ಚುವ ಮುನ್ನ ಜೇಬು ಮುಟ್ಟಿಕೊಳ್ಳಿ: ಕಾರಿನ ಕೀಗಳು, ಡಿಕ್ಕಿಯ ಬೀಗ ಮತ್ತು ಅರ್ಧ ಗಂಟೆಯ ಪೂರ್ವತಯಾರಿ

ತಿಪಟೂರಿನ ಕಲ್ಯಾಣಮಂಟಪವೊಂದರ ಮುಂದೆ, ಚಿಕ್ಕಪ್ಪನ ಮಗಳ ಮದುವೆಯ ಬೆಳಿಗ್ಗೆ, ನಾನು ಕಾರಿನ ಡಿಕ್ಕಿಯನ್ನು ದಡಾರನೆ ಮುಚ್ಚಿದೆ. ಮುಚ್ಚಿದ ಮೇಲೆ ಅಂಗಿಯ ಜೇಬು ಮುಟ್ಟಿ ನೋಡಿಕೊಂಡೆ. ಪ್ಯಾಂಟಿನ ಜೇಬುಗಳನ್ನೂ ತಡಕಿದೆ. ಕೀ ಡಿಕ್ಕಿಯೊಳಗೆ, ಧಾರೆ ಸೀರೆಯ ಚೀಲದ ಮೇಲೆ ಹಾಯಾಗಿ ಮಲಗಿತ್ತು. ಬಾಗಿಲುಗಳೆಲ್ಲ ಲಾಕ್ ಆಗಿದ್ದವು. ಇನ್ನೊಂದು ಕೀ ತುಮಕೂರಿನ ಮನೆಯ ಬೀರುವಿನಲ್ಲಿತ್ತು.

ಬಸ್ ಸ್ಟ್ಯಾಂಡ್ ಹತ್ತಿರ ಕೀ ಮಾಡುವವರೊಬ್ಬರನ್ನು ಭಾವ ಬೈಕಿನಲ್ಲಿ ಕೂರಿಸಿಕೊಂಡು ಬಂದರು. ಅವರು ಮುಂದಿನ ಬಾಗಿಲು ತೆರೆದಿದ್ದೇ ತಡ, ಕಾರು ಅರಚಿಕೊಳ್ಳತೊಡಗಿತು. ಒಳಗೆ ವಾಲಗ, ಹೊರಗೆ ಸೈರನ್. ನಾನು ಹಿಂದೆ ನಿಂತು ಡಿಕ್ಕಿಯ ಮೇಲೆ ಕೀ ತೂತು ಎಲ್ಲಿದೆ ಎಂದು ಸವರುತ್ತಿದ್ದೆ. ಅವರು ಡ್ರೈವರ್ ಸೀಟಿನ ಪಕ್ಕ ಕೈ ಹಾಕಿ ಏನನ್ನೋ ಎಳೆದರು. ಟಕ್. ಡಿಕ್ಕಿ ಬಾಯಿಬಿಟ್ಟಿತು. "ಲಿವರ್ ಇಲ್ಲೇ ಇದೆಯಲ್ಲ ಸಾರ್" ಎಂದರು. ನಾಲ್ಕು ವರ್ಷ ಓಡಿಸಿದ ಕಾರು ಅದು. ಪಕ್ಕದ ಇನ್ನೊಂದು ಲಿವರ್ ಎಳೆದು ಪೆಟ್ರೋಲ್ ಮುಚ್ಚಳ ತೆರೆಯುತ್ತಿದ್ದವನು ನಾನೇ. ರಿಮೋಟಿನ ಗುಂಡಿ ಅಭ್ಯಾಸವಾದ ಮೇಲೆ ಇದರ ನೆನಪೇ ಹೋಗಿತ್ತು.

ಆ ಭಾನುವಾರ ಅರ್ಧ ಗಂಟೆ ಕೂತು ಮಾಡಿದ ಕೆಲಸವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಓದುತ್ತಾ ಓದುತ್ತಾ ಕೆಳಗಿಳಿದು ನಿಮ್ಮ ಕಾರಿನ ಹತ್ತಿರ ಹೋದರೆ ಒಳ್ಳೆಯದು. (ಪತ್ರಿಕೆಗಳಲ್ಲಿ 'ಕಾರು ಡಿಕ್ಕಿ' ಅಂದರೆ ಅಪಘಾತ, ಮನೆಯಲ್ಲಿ ಅಂದರೆ ಸಾಮಾನು ತುಂಬುವ ಜಾಗ. ಇಲ್ಲಿರುವುದು ಎರಡನೆಯದು.)

ಮೊದಲ ಹೆಜ್ಜೆ: ಕೈಯಲ್ಲಿರುವುದು ಯಾವ ಕೀ?

ಮೈಸೂರು ಕಡೆ ಬೀಗದ ಕೈ, ಹುಬ್ಬಳ್ಳಿ ಕಡೆ ಕೀಲಿಕೈ, ಕಾರಿನ ವಿಷಯ ಬಂದರೆ ಎಲ್ಲರಿಗೂ ಕೀ. ಹೆಸರು ಒಂದೇ ಆದರೂ ಒಳಗಿನ ಕೆಲಸ ನಾಲ್ಕು ಬಗೆಯದು.

ಬರೀ ಲೋಹದ ಕೀ ಎಲ್ಲಕ್ಕಿಂತ ಹಳೆಯದು. ಕಾರಿನ ಬೀಗದೊಳಗೆ ತೆಳುವಾದ ಹಿತ್ತಾಳೆ ತಗಡುಗಳು ಸಾಲಾಗಿ ಕೂತಿರುತ್ತವೆ, ಪ್ರತಿಯೊಂದಕ್ಕೂ ಒಂದು ಪುಟ್ಟ ಸ್ಪ್ರಿಂಗ್. ಕೀ ಇಲ್ಲದಾಗ ಅವು ಹೊರಕ್ಕೆ ಚಾಚಿಕೊಂಡು ಬೀಗದ ಗುಂಡು ತಿರುಗದಂತೆ ತಡೆಯುತ್ತವೆ. ಸರಿಯಾದ ಕೀ ಹೋದಾಗ ಅದರ ಹಲ್ಲಿನ ಏರಿಳಿತಕ್ಕೆ ತಕ್ಕಂತೆ ಪ್ರತಿ ತಗಡೂ ಒಳಕ್ಕೆ ಸರಿದು ಸಮನಾಗುತ್ತದೆ, ಗುಂಡು ತಿರುಗುತ್ತದೆ. ಇಷ್ಟೇ. ಹದಿನೈದು ವರ್ಷ ತಿರುಗಿಸಿ ಹಲ್ಲೂ ತಗಡೂ ಸವೆದರೆ ಬೀಗ ಸಡಿಲಾಗುತ್ತದೆ. ನಮ್ಮ ಬೀದಿಯಲ್ಲಿ ಒಂದೇ ಬಗೆಯ ಎರಡು ಹಳೇ ಪುಟ್ಟ ಕಾರುಗಳಿದ್ದವು. ಅವರ ಕೀಗೆ ನಮ್ಮ ಬಾಗಿಲು ತೆರೆಯುತ್ತಿತ್ತು, ನಮ್ಮದಕ್ಕೆ ಅವರದು ತೆರೆಯುತ್ತಿರಲಿಲ್ಲ. ಇದು ಅನ್ಯಾಯ ಎಂದು ಅಪ್ಪ ಬಹಳ ದಿನ ಹೇಳುತ್ತಿದ್ದರು.

ಎರಡನೆಯದು ಚಿಪ್ ಇರುವ ಕೀ. ನೋಡಲು ಹಳೆಯದರಂತೆಯೇ ಇದ್ದರೂ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡ ಚಿಪ್ ಒಂದು ಕೂತಿರುತ್ತದೆ. ಅದಕ್ಕೆ ಸೆಲ್ ಬೇಡ. ಕೀ ತಿರುಗಿಸುವ ಜಾಗದ ಸುತ್ತ ಒಂದು ತಂತಿಯ ಸುರುಳಿ ಇರುತ್ತದೆ, ಅದು ಹೊಮ್ಮಿಸುವ ಕಾಂತಕ್ಷೇತ್ರದಿಂದಲೇ ಚಿಪ್ ಶಕ್ತಿ ಪಡೆದು ತನ್ನ ಗುಟ್ಟಿನ ಸಂಖ್ಯೆ ಹೇಳುತ್ತದೆ. ಸಂಖ್ಯೆ ಹೊಂದಿದರೆ ಎಂಜಿನ್ ಓಡುತ್ತದೆ. ಹೊಂದದಿದ್ದರೆ ಸ್ಟಾರ್ಟ್ ಆಗುವುದೇ ಇಲ್ಲ, ಅಥವಾ ಒಂದೆರಡು ಸೆಕೆಂಡಿನಲ್ಲಿ ಆಫ್ ಆಗುತ್ತದೆ. ಮೀಟರಿನಲ್ಲಿ ಕೀ ಅಥವಾ ಬೀಗದ ಗುರುತಿನ ದೀಪ ಮಿಟುಕುತ್ತದೆ. ಇಮ್ಮೊಬಿಲೈಸರ್ ಎನ್ನುವುದು ಇದನ್ನೇ. ಬ್ರಿಟನ್ನಿನಲ್ಲಿ 1998ರ ಅಕ್ಟೋಬರಿನಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯವಾಯಿತು.

ನಿಮ್ಮ ಕೀಯಲ್ಲಿ ಚಿಪ್ ಇದೆಯೇ ಎಂಬ ಅನುಮಾನವಿದ್ದರೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲನ್ನು ಕೀಯ ತಲೆಗೆ ಎರಡು ಸುತ್ತು ಬಿಗಿಯಾಗಿ ಸುತ್ತಿ ಸ್ಟಾರ್ಟ್ ಮಾಡಿ ನೋಡಿ. ಬಾಗಿಲು ತೆರೆದು, ಎಂಜಿನ್ ಮಾತ್ರ ಓಡದಿದ್ದರೆ ಚಿಪ್ ಇದೆ ಎಂದೇ ಲೆಕ್ಕ. ಫಾಯಿಲ್ ಬಿಚ್ಚಿದರೆ ಎಂದಿನಂತೆ ಓಡುತ್ತದೆ.

ಮೂರನೆಯದು ಗುಂಡಿಗಳಿರುವ ರಿಮೋಟ್ ಕೀ. ಇದರಲ್ಲಿ ಎರಡು ಸಂಸಾರ ಒಂದೇ ಮನೆಯಲ್ಲಿವೆ. ಗುಂಡಿ ಒತ್ತಿದಾಗ ಬಾಗಿಲು, ಡಿಕ್ಕಿ ತೆರೆಯುವ ರೇಡಿಯೊ ಭಾಗ ಒಂದು, ಅದಕ್ಕೆ ಸೆಲ್ ಬೇಕು. ಎಂಜಿನ್ನಿಗೆ ಒಪ್ಪಿಗೆ ಕೊಡುವ ಚಿಪ್ ಇನ್ನೊಂದು, ಅದಕ್ಕೆ ಸೆಲ್ ಬೇಡ. ಹಾಗಾಗಿ ಸೆಲ್ ಸತ್ತರೂ ಕೀಯನ್ನು ಬಾಗಿಲಿಗೆ ತೂರಿಸಿ ತೆರೆದು, ಸ್ಟಾರ್ಟ್ ಮಾಡಿಕೊಂಡು ಮನೆಗೆ ಬರಬಹುದು. ಗುಂಡಿ ಕೆಲಸ ಮಾಡುತ್ತಿಲ್ಲವೆಂದು ಟೋಯಿಂಗ್ ಗಾಡಿ ಕರೆಸಿದವರನ್ನು ನಾನು ಕಂಡಿದ್ದೇನೆ. ರೇಡಿಯೊ ಭಾಗ ಪ್ರತಿ ಸಲ ಹೊಸ ಸಂಖ್ಯೆ ಕಳಿಸುತ್ತದೆ, ಕಾರೂ ಮುಂದಿನ ಸಂಖ್ಯೆಗಳ ಲೆಕ್ಕ ಇಟ್ಟುಕೊಂಡಿರುತ್ತದೆ. ಯಾರೋ ಆ ಸಂಕೇತವನ್ನು ಗಾಳಿಯಲ್ಲಿ ಹಿಡಿದಿಟ್ಟುಕೊಂಡು ನಾಳೆ ಬಳಸದಿರಲಿ ಎಂದು ಈ ಏರ್ಪಾಡು. ಇದರಿಂದ ಒಂದು ತಾಪತ್ರಯವೂ ಇದೆ. ಮಗುವಿನ ಕೈಗೆ ಆಟಕ್ಕೆ ಕೊಟ್ಟ ರಿಮೋಟನ್ನು ಅದು ಕಾರಿನಿಂದ ದೂರ ಕೂತು ನೂರಾರು ಸಲ ಒತ್ತಿದರೆ ಲೆಕ್ಕ ತಪ್ಪಬಹುದು. ಕಾರಿನ ಪಕ್ಕ ನಿಂತು ಎರಡು ಮೂರು ಸಲ ಒತ್ತಿದರೆ, ಇಲ್ಲವೇ ಕೀ ಹಾಕಿ ಒಮ್ಮೆ ಆನ್ ಮಾಡಿದರೆ ಬಹುಪಾಲು ಸರಿಹೋಗುತ್ತದೆ.

ನಾಲ್ಕನೆಯದು ಸ್ಮಾರ್ಟ್ ಕೀ, ಜೇಬಿನಿಂದ ತೆಗೆಯಬೇಕಿಲ್ಲದ್ದು. ಹಿಡಿಕೆ ಅಥವಾ ಅದರ ಗುಂಡಿ ಮುಟ್ಟಿದಾಗ ಕಾರು ಒಂದು ಮೀಟರಿನಷ್ಟು ದೂರಕ್ಕೆ ಮಾತ್ರ ಕೇಳುವಂತೆ "ಇದ್ದೀಯಾ?" ಎನ್ನುತ್ತದೆ. ಜೇಬಿನ ಕೀ "ಇದ್ದೇನೆ" ಎಂದು ಉತ್ತರಿಸುತ್ತದೆ. ಕೆಲವು ಸೆಡಾನ್‌ಗಳಲ್ಲಿ (ಡಿಕ್ಕಿ ಹಿಂದಕ್ಕೆ ಬೇರೆಯಾಗಿ ಚಾಚಿಕೊಂಡಿರುವ ಕಾರುಗಳಲ್ಲಿ) ಕೀ ಜೇಬಿನಲ್ಲಿಟ್ಟುಕೊಂಡು ಹಿಂದೆ ಮೂರು ಸೆಕೆಂಡ್ ನಿಂತರೆ ಡಿಕ್ಕಿ ತಾನೇ ತೆರೆಯುತ್ತದೆ. ಕೈತುಂಬ ತರಕಾರಿ ಚೀಲ ಇದ್ದಾಗ ಸುಖ, ಕಾರು ತೊಳೆಯುವಾಗ ಪೀಡೆ. ಆಗ ಕೀಯನ್ನು ಮನೆಯೊಳಗೇ ಬಿಟ್ಟು ಬನ್ನಿ.

ಎರಡನೆಯ ಹೆಜ್ಜೆ: ಡಿಕ್ಕಿಗೆ ಎಷ್ಟು ದಾರಿ, ಎಣಿಸಿ

ಅಂಬಾಸಡರ್ ಕಾಲದಲ್ಲಿ ಪ್ರಶ್ನೆಯೇ ಇರಲಿಲ್ಲ. ಡಿಕ್ಕಿಯ ಮೇಲೆ ಹಿಡಿಕೆ ಕಾಣುತ್ತಿತ್ತು, ತಿರುಗಿಸಿ ಎತ್ತಬೇಕಿತ್ತು. ಈಗಿನ ಕಾರಿನ ಹಿಂಭಾಗ ಬೋಳು. ದಾರಿಗಳು ಇರುವುದು ಬೇರೆ ಕಡೆ.

ಡ್ರೈವರ್ ಸೀಟಿನ ಬಲಬದಿ, ನೆಲದ ಹತ್ತಿರ ನೋಡಿ. ಡಿಕ್ಕಿ ತೆರೆದ ಕಾರಿನ ಚಿತ್ರವಿರುವ ಲಿವರ್ ಇದ್ದರೆ ನೀವು ಪುಣ್ಯವಂತರು. ಅದರಿಂದ ಹಿಂದಿನವರೆಗೆ ಸೈಕಲ್ ಬ್ರೇಕಿನಂಥ ಕೇಬಲ್ ಹೋಗಿರುತ್ತದೆ. ಬ್ಯಾಟರಿ ಸತ್ತರೂ, ಸೈರನ್ ಕೂಗುತ್ತಿದ್ದರೂ ಅದು ಕೆಲಸ ಮಾಡುತ್ತದೆ. ಕೆಲವು ಸೆಡಾನ್‌ಗಳಲ್ಲಿ ಈ ಲಿವರಿಗೇ ಪುಟ್ಟ ಬೀಗ ಇರುತ್ತದೆ, ಹೋಟೆಲಿನಲ್ಲಿ ಪಾರ್ಕಿಂಗ್ ಹುಡುಗನ ಕೈಗೆ ಕಾರು ಕೊಡುವಾಗ ಡಿಕ್ಕಿ ಭದ್ರವಾಗಿರಲಿ ಎಂದು. ಅದನ್ನು ಒಮ್ಮೆ ಲಾಕ್ ಮಾಡಿ ಮರೆತು, ಕೇಬಲ್ ಹೋಯಿತೆಂದು ಗ್ಯಾರೇಜಿಗೆ ಹೋಗುವವರಿದ್ದಾರೆ.

ಲಿವರ್ ಇಲ್ಲದಿದ್ದರೆ ಡ್ಯಾಶ್‌ಬೋರ್ಡಿನಲ್ಲೋ ಬಾಗಿಲಿನಲ್ಲೋ ಗುಂಡಿ ಇರಬಹುದು. ಹ್ಯಾಚ್‌ಬ್ಯಾಕ್‌ಗಳಲ್ಲಿ (ಹಿಂದಿನ ಗಾಜಿನ ಸಮೇತ ಮೇಲೇಳುವ ಹಿಂಬಾಗಿಲೇ ಡಿಕ್ಕಿಯ ಮುಚ್ಚಳವಾಗಿರುವ ಕಾರುಗಳಲ್ಲಿ) ನಂಬರ್ ಪ್ಲೇಟಿನ ಮೇಲಿನ ಅಂಚಿನಲ್ಲಿ ಬೆರಳಿಗೆ ಸಿಗುವ ರಬ್ಬರ್ ಗುಂಡಿ ಸಾಮಾನ್ಯ. ಇವೆರಡೂ ವಿದ್ಯುತ್ತಿನವು. ಬ್ಯಾಟರಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮುಂದೆ, ಕೀ ತೂತು. ಡಿಕ್ಕಿಯ ಮೇಲೆ ಇಲ್ಲದಿದ್ದರೆ ಕಂಪನಿಯ ಲಾಂಛನದ ಕೆಳಗೆ, ನಂಬರ್ ಪ್ಲೇಟ್ ದೀಪದ ಪಕ್ಕ ಹುಡುಕಿ. ಕೊನೆಯದಾಗಿ, ಒಳದಾರಿ. ಹಿಂದಿನ ಸೀಟು ಮಡಚಿಕೊಳ್ಳುವಂಥದ್ದಾದರೆ ಮಡಚಿ, ಡಿಕ್ಕಿಯೊಳಗೆ ಟಾರ್ಚ್ ಬಿಡಿ. ಹಲವು ಹ್ಯಾಚ್‌ಬ್ಯಾಕ್‌ಗಳಲ್ಲಿ ಹಿಂಬಾಗಿಲಿನ ಒಳಹೊದಿಕೆಯ ಕೆಳ ಅಂಚಿನಲ್ಲಿ ಸಣ್ಣ ಮುಚ್ಚಳವೋ ಸೀಳೋ ಇರುತ್ತದೆ. ಅದರೊಳಗೆ ಸ್ಕ್ರೂಡ್ರೈವರ್ ತೂರಿಸಿ ಒಂದು ಸಣ್ಣ ಪಟ್ಟಿಯನ್ನು ಸರಿಸಿದರೆ ಬೀಗ ಬಿಡುತ್ತದೆ. ಎಲ್ಲಿದೆ ಎಂಬುದು ಗ್ಲೋವ್ ಬಾಕ್ಸಿನಲ್ಲಿ ಕವರ್ ಕೂಡ ಬಿಚ್ಚದೆ ಬಿದ್ದಿರುವ ಪುಸ್ತಕದಲ್ಲಿ ಚಿತ್ರಸಮೇತ ಇರುತ್ತದೆ.

ಅಮೆರಿಕದಲ್ಲಿರುವ ನಮ್ಮವರು ಸೆಡಾನ್ ಡಿಕ್ಕಿಯೊಳಗೆ ಕತ್ತಲಲ್ಲಿ ಹೊಳೆಯುವ ಹಿಡಿಯೊಂದನ್ನು ಕಂಡಿರುತ್ತಾರೆ. ಒಳಗೆ ಸಿಕ್ಕಿಬಿದ್ದವರು ಎಳೆದು ಹೊರಬರಲಿ ಎಂದು 2001ರ ಸೆಪ್ಟೆಂಬರಿನಿಂದ ಅಲ್ಲಿ ಅದು ಕಡ್ಡಾಯ. ಇಲ್ಲಿನ ಎಲ್ಲ ಕಾರುಗಳಲ್ಲೂ ಅದನ್ನು ನಿರೀಕ್ಷಿಸಬೇಡಿ. ಮಕ್ಕಳು ಕಣ್ಣಾಮುಚ್ಚಾಲೆ ಆಡುವ ಮನೆಯಲ್ಲಿ ಕಾರು ಯಾವಾಗಲೂ ಲಾಕ್ ಆಗಿರಲಿ, ಕೀ ಮೊಳೆಯ ಮೇಲೆ ಎತ್ತರದಲ್ಲಿರಲಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಗು ಸಿಕ್ಕಿಕೊಂಡರೆ ಕೆಲವೇ ನಿಮಿಷಗಳೂ ಅಪಾಯ.

ಮೂರನೆಯ ಹೆಜ್ಜೆ: ಬೀಗವನ್ನು ಹತ್ತಿರದಿಂದ ನೋಡಿ

ಡಿಕ್ಕಿ ತೆರೆದು ಮುಚ್ಚಳದ ಅಂಚಿಗೆ ಬಗ್ಗಿ. ಕಬ್ಬಿಣದ ಒಂದು ಕೊಕ್ಕೆ ಬಾಯಿ ತೆರೆದುಕೊಂಡು ಕೂತಿರುತ್ತದೆ. ಕೆಳಗೆ ಕಾರಿನ ಮೈಯಲ್ಲಿ ದಪ್ಪ ತಂತಿಯ ಬಳೆಯಂಥದ್ದು ಎದ್ದು ನಿಂತಿರುತ್ತದೆ. (ಕೆಲವು ಕಾರುಗಳಲ್ಲಿ ಕೊಕ್ಕೆ ಕೆಳಗೆ, ಬಳೆ ಮೇಲೆ.) ಮುಚ್ಚಿದಾಗ ಬಳೆ ಕೊಕ್ಕೆಯ ಬಾಯಿಗೆ ಹೊಕ್ಕು ಅದನ್ನು ತಿರುಗಿಸುತ್ತದೆ, ಹಿಂದಿನಿಂದ ಸಣ್ಣ ನಾಲಿಗೆಯೊಂದು ಬಂದು ಕೊಕ್ಕೆ ಮತ್ತೆ ತಿರುಗದಂತೆ ಅಡ್ಡ ನಿಲ್ಲುತ್ತದೆ. ಲಿವರ್, ಗುಂಡಿ, ಕೀ, ರಿಮೋಟ್ ಎಲ್ಲವೂ ಮಾಡುವುದು ಒಂದೇ ಕೆಲಸ: ಆ ನಾಲಿಗೆಯನ್ನು ಪಕ್ಕಕ್ಕೆ ಎಳೆಯುವುದು.

ಒಂದು ಪೆನ್ನಿನಿಂದ ಕೊಕ್ಕೆಯನ್ನು ಒತ್ತಿ ನೋಡಿ. ಟಕ್, ಟಕ್ ಎಂದು ಎರಡು ಸದ್ದು ಬರುತ್ತದೆ. ಮೊದಲನೆಯದು ಅರ್ಧ ಹಿಡಿತ, ಎರಡನೆಯದು ಪೂರ್ತಿ. ದಾರಿಯುದ್ದಕ್ಕೂ ಡಿಕ್ಕಿ ಲಡಲಡ ಎನ್ನುತ್ತಾ ಮೀಟರಿನಲ್ಲಿ ಡಿಕ್ಕಿ ತೆರೆದಿರುವ ದೀಪ ಉರಿಯುವುದು ಮೊದಲ ಸದ್ದಿನಲ್ಲೇ ನಿಂತಾಗ.

ಈಗ ಎಚ್ಚರ! ಪೆನ್ನಿನಿಂದ ಮುಚ್ಚಿದ ಕೊಕ್ಕೆಯನ್ನು ಬಿಡಿಸದೆ ಡಿಕ್ಕಿ ಮುಚ್ಚಲು ಹೋಗಬೇಡಿ. ಬಾಯಿ ಮುಚ್ಚಿದ ಕೊಕ್ಕೆ ಬಳೆಗೆ ಬಡಿದು ಎರಡೂ ಬಾಗಬಹುದು. ಮುಚ್ಚಳ ಎತ್ತಿ ಹಿಡಿದುಕೊಂಡೇ ಲಿವರ್ ಎಳೆಯಿರಿ ಅಥವಾ ಗುಂಡಿ ಒತ್ತಿ, ಕೊಕ್ಕೆ ಬಾಯಿ ತೆರೆದ ಮೇಲೆ ಮುಚ್ಚಿ. ಡಿಕ್ಕಿ ಎಷ್ಟು ಬಡಿದರೂ ಮುಚ್ಚುತ್ತಿಲ್ಲ ಎಂದು ಫೋನು ಮಾಡುವವರಿಗೆ ನಾನು ಮೊದಲು ಕೇಳುವುದು ಇದನ್ನೇ. ಮಕ್ಕಳು ಆಡುತ್ತಾ ಕೊಕ್ಕೆ ಒತ್ತಿರುತ್ತಾರೆ.

ತೆರೆಯದೆ ಕೂತಾಗ

ಲಿವರ್ ಎಳೆದರೆ ಬಿಗಿ ಇದೆ, ಆದರೆ ಡಿಕ್ಕಿ ಏಳುತ್ತಿಲ್ಲ ಎಂದರೆ ನಾಲಿಗೆಯ ಮೇಲೆ ಭಾರ ಬಿದ್ದಿದೆ ಎಂದರ್ಥ. ಒಳಗೆ ತುರುಕಿದ ಸೂಟ್‌ಕೇಸು ಮುಚ್ಚಳವನ್ನು ಮೇಲಕ್ಕೆ ದೂಡುತ್ತಿರುತ್ತದೆ, ಇಲ್ಲವೇ ಡಿಕ್ಕಿಯ ಅಂಚಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಬಿಸಿಲಿಗೆ ಅಂಟಿಕೊಂಡಿರುತ್ತದೆ. ಒಬ್ಬರು ಹಿಂದೆ ನಿಂತು ಅಂಗೈಯಿಂದ ಮುಚ್ಚಳವನ್ನು ಕೆಳಕ್ಕೆ ಒತ್ತಲಿ, ಆಗಲೇ ಇನ್ನೊಬ್ಬರು ಲಿವರ್ ಎಳೆಯಲಿ. ತೆರೆಯಬೇಕಾದ್ದನ್ನು ಒತ್ತುವುದು ವಿಚಿತ್ರವಾಗಿ ಕಂಡರೂ ಹತ್ತರಲ್ಲಿ ಏಳು ಸಲ ನನಗೆ ಇದರಿಂದಲೇ ತೆರೆದಿದೆ. ಲಿವರ್ ಬೆಣ್ಣೆಯಂತೆ ಸುಮ್ಮನೆ ಬಂದರೆ ಮಾತ್ರ ಕೇಬಲ್ ಕಳಚಿದೆ ಅಥವಾ ತುಂಡಾಗಿದೆ. ಆಗ ಒಳದಾರಿ ಹಿಡಿಯಬೇಕು.

ವಿದ್ಯುತ್ ಬೀಗವಾದರೆ ಕಿವಿ ಉಪಯೋಗಿಸಿ. ಗುಂಡಿ ಒತ್ತುವಾಗ ಡಿಕ್ಕಿಯ ಹತ್ತಿರ ಇನ್ನೊಬ್ಬರು ಆಲಿಸಲಿ. ಒಳಗೆ 'ಜರ್‌ಟಕ್' ಎಂದರೆ ಮೋಟರಿಗೆ ಜೀವವಿದೆ, ಮೇಲೆ ಹೇಳಿದಂತೆ ಒತ್ತಿ ನೋಡಿ. ಸದ್ದೇ ಇಲ್ಲದಿದ್ದರೆ ಮೊದಲು ಎಲ್ಲ ಬಾಗಿಲು ಅನ್‌ಲಾಕ್ ಮಾಡಿ. ಲಾಕ್ ಆದ ಕಾರಿನಲ್ಲಿ ಆ ಗುಂಡಿ ಸುಮ್ಮನಿರುವುದೇ ನ್ಯಾಯ. ಆಮೇಲೆ ಫ್ಯೂಸ್. ಅದೂ ಸರಿ ಇದ್ದರೆ, ಹ್ಯಾಚ್‌ಬ್ಯಾಕ್ ಆಗಿದ್ದಲ್ಲಿ, ನಂಬರ್ ಪ್ಲೇಟ್ ದೀಪ ಮತ್ತು ಹಿಂದಿನ ವೈಪರ್ ಕೆಲಸ ಮಾಡುತ್ತಿವೆಯೇ ನೋಡಿ. ಅವೂ ಒಟ್ಟಿಗೆ ಕೈಕೊಟ್ಟಿದ್ದರೆ ಹಿಂಬಾಗಿಲಿನ ಕೀಲಿನ ಹತ್ತಿರ, ಆನೆಯ ಸೊಂಡಿಲಿನಂತೆ ಸುರುಟಿದ ರಬ್ಬರ್ ಕೊಳವೆಯೊಳಗೆ ತಂತಿ ಮುರಿದಿರುವ ಸಾಧ್ಯತೆ ಹೆಚ್ಚು. ವರ್ಷಗಟ್ಟಲೆ ಬಾಗಿ ಬಾಗಿ ಅಲ್ಲಿ ತಂತಿ ಸೀಳುತ್ತದೆ. ಬೀಗವನ್ನೇ ಬದಲಿಸಬೇಕು ಎಂದು ಯಾರಾದರೂ ಅಂದರೆ, ಆ ರಬ್ಬರ್ ಕೊಳವೆ ಬಿಡಿಸಿ ತಂತಿ ತೋರಿಸಿ ಎಂದು ಕೇಳಿ. ತಂತಿ ಜೋಡಿಸುವುದು ಯಾವುದೇ ಆಟೊ ಎಲೆಕ್ಟ್ರಿಶಿಯನ್‌ಗೆ ಸಣ್ಣ ಕೆಲಸ.

ಸ್ಮಾರ್ಟ್ ಕೀಯ ಸೆಲ್ ಸತ್ತಾಗ ಮಾಡಬೇಕಾದ್ದು ಇಷ್ಟು. ಕೀಯ ಬೆನ್ನಿನಲ್ಲೋ ಬದಿಯಲ್ಲೋ ಇರುವ ಸಣ್ಣ ಒತ್ತುಗುಂಡಿ ಸರಿಸಿ ಒಳಗಿನ ಲೋಹದ ಕೀ ಎಳೆದು ತೆಗೆಯಿರಿ. ಡ್ರೈವರ್ ಬಾಗಿಲಿನಲ್ಲಿ ಕೀ ತೂತು ಕಾಣದಿದ್ದರೆ ಹಿಡಿಕೆಯ ತುದಿಯ ಪ್ಲಾಸ್ಟಿಕ್ ಟೋಪಿಯ ಕೆಳಗೆ ಅದು ಅಡಗಿರುತ್ತದೆ. ಬಾಗಿಲು ತೆರೆದರೆ ಸೈರನ್ ಕೂಗಬಹುದು, ಗಾಬರಿ ಬೇಡ. ಬ್ರೇಕ್ (ಗೇರಿನ ಕಾರಾದರೆ ಕ್ಲಚ್) ತುಳಿದು, ಸತ್ತ ಕೀಯನ್ನೇ ಸ್ಟಾರ್ಟ್ ಗುಂಡಿಗೆ ತಾಗಿಸಿ ಒತ್ತಿ. ಸೆಲ್ ಬೇಡದ ಚಿಪ್ ಇದರೊಳಗೂ ಇದೆ, ಅಷ್ಟು ಹತ್ತಿರ ಬಂದರೆ ಕಾರು ಅದನ್ನು ಗುರುತಿಸುತ್ತದೆ. ಕೆಲವು ಕಾರುಗಳಲ್ಲಿ ಗುಂಡಿಯ ಬದಲು ಕೀ ಇಡಲು ಬೇರೆ ಗೂಡು ಇರುತ್ತದೆ. ಇದನ್ನು ಸೆಲ್ ಚೆನ್ನಾಗಿರುವಾಗಲೇ ಒಮ್ಮೆ ಮಾಡಿ ನೋಡಿದರೆ ರಾತ್ರಿ ಹೊತ್ತು ಶಿರಾಡಿ ಘಾಟಿಯಲ್ಲಿ ಕೈ ನಡುಗುವುದಿಲ್ಲ.

ಸೆಲ್ ಬದಲಿಸುವುದು

ರಿಮೋಟು ಮೊದಲಿನಷ್ಟು ದೂರದಿಂದ ಕೆಲಸ ಮಾಡದಿದ್ದರೆ ಅದು ಮುನ್ಸೂಚನೆ. (ಅಂಥ ಹೊತ್ತಲ್ಲಿ ರಿಮೋಟನ್ನು ಗದ್ದಕ್ಕೆ ಒತ್ತಿ ಹಿಡಿದು ಗುಂಡಿ ಒತ್ತಿ, ನಾಲ್ಕು ಹೆಜ್ಜೆ ಹೆಚ್ಚು ದೂರ ಮುಟ್ಟುತ್ತದೆ. ನೋಡಿದವರು ನಕ್ಕರೆ ನಗಲಿ.) ಹೆಚ್ಚಿನವುಗಳಲ್ಲಿ ಸಿಆರ್ 2032 ಸೆಲ್, ಕೆಲವಲ್ಲಿ 2025, ಚಿಕ್ಕವುಗಳಲ್ಲಿ 1620 ಅಥವಾ 1616. ಮೊದಲೆರಡು ಅಂಕಿ ಅಗಲವನ್ನು ಮಿಲಿಮೀಟರಿನಲ್ಲಿ, ಕೊನೆಯೆರಡು ದಪ್ಪವನ್ನು ಮಿಲಿಮೀಟರಿನ ಹತ್ತನೇ ಭಾಗದಲ್ಲಿ ಹೇಳುತ್ತವೆ: 2032 ಎಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಹಾಗಾಗಿ 2032ರ ಜಾಗಕ್ಕೆ 2025 ಹಾಕಿದರೆ ಸಡಿಲಾಗಿ, ಕೀ ಕೆಳಗೆ ಬಿದ್ದಾಗಲೆಲ್ಲ ಮುನಿಸಿಕೊಳ್ಳುತ್ತದೆ. ರಿಮೋಟಿನ ಬಿರುಕಿನಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು ಮೆಲ್ಲನೆ ತಿರುವಿ, ಪ್ಲಸ್ ಗುರುತು ಯಾವ ಕಡೆ ಇತ್ತೆಂದು ಫೋಟೊ ತೆಗೆದುಕೊಂಡು, ಹೊಸದನ್ನು ಅಂಚು ಹಿಡಿದು ಕೂರಿಸಿ. ಹಳೆಯ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡುವಂಥದ್ದು ಅದು. ನುಂಗಿದ ಅನುಮಾನ ಬಂದರೂ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಎಣ್ಣೆ ಹಾಕುವ ಚಟ

ಬೀಗ ಬಿಗಿಯಾದರೆ ಕೊಬ್ಬರಿ ಎಣ್ಣೆ ಬಿಡುವುದು ನಮ್ಮ ಮನೆಮನೆಯ ಪದ್ಧತಿ. ಕಾರಿನ ಕೀ ತೂತಿಗೆ ಬೇಡ. ಎಣ್ಣೆ ಧೂಳನ್ನು ಹಿಡಿದು ಆ ತಗಡುಗಳ ನಡುವೆ ಮೇಣದಂತೆ ಕೂರುತ್ತದೆ. ಗ್ರಾಫೈಟ್ ಪುಡಿ ಒಳ್ಳೆಯದು. ಸಿಗದಿದ್ದರೆ ಮೆತ್ತನೆಯ ಪೆನ್ಸಿಲನ್ನು ಕೀಯ ಹಲ್ಲಿಗೆ ಚೆನ್ನಾಗಿ ಉಜ್ಜಿ ಹತ್ತು ಸಲ ಒಳಗೆ ಹೊರಗೆ ಆಡಿಸಿ. ಡಿಕ್ಕಿಯ ಕೊಕ್ಕೆಗೆ ಗ್ರೀಸ್, ರಬ್ಬರ್ ಬೀಡಿಂಗಿಗೆ ಸಿಲಿಕೋನ್ ಸ್ಪ್ರೇ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿರುವವರು ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಮಾಡಿದರೆ ಸಾಕು. ರಿಮೋಟ್ ಇದೆಯೆಂದು ಬಾಗಿಲಿನ ಕೀ ತೂತನ್ನು ವರ್ಷಗಟ್ಟಲೆ ಮುಟ್ಟದಿದ್ದರೆ ಬೇಕಾದ ದಿನ ಅದು ತಿರುಗುವುದಿಲ್ಲ. ತಿಂಗಳಿಗೊಮ್ಮೆ ಕೀಯಿಂದಲೇ ತೆರೆಯಿರಿ.

ನಕಲಿ ಕೀ, ಕಳೆದ ಕೀ

ನನ್ನ ಮಟ್ಟಿಗೆ ಅತ್ಯಂತ ಲಾಭದ ಖರ್ಚು ಎಂದರೆ ಚಿಪ್ ಇಲ್ಲದ ಬರೀ ಲೋಹದ ನಕಲಿ ಕೀ. ಬೀದಿ ಬದಿಯ ಕೀ ಅಂಗಡಿಯಲ್ಲಿ ನೂರಿನ್ನೂರು ರೂಪಾಯಿಗೆ ಮಾಡಿಸಿಕೊಂಡೆ. ಅದರಿಂದ ಎಂಜಿನ್ ಓಡುವುದಿಲ್ಲ, ಹಾಗಾಗಿ ಕಳ್ಳನಿಗೆ ಸಿಕ್ಕರೂ ಕಾರು ಹೋಗುವುದಿಲ್ಲ. ಆದರೆ ಬಾಗಿಲು ತೆರೆಯುತ್ತದೆ, ಬಾಗಿಲು ತೆರೆದರೆ ಲಿವರ್ ಸಿಗುತ್ತದೆ, ಲಿವರ್ ಎಳೆದರೆ ಡಿಕ್ಕಿಯೊಳಗಿನ ಅಸಲಿ ಕೀ ಸಿಗುತ್ತದೆ. ನನ್ನದು ಪರ್ಸಿನಲ್ಲಿದೆ, ಹೆಂಡತಿಯ ಕೈಚೀಲದಲ್ಲಿ ಇನ್ನೊಂದು. ಹಲ್ಲುಗಳು ಅಂಚಿನಲ್ಲಿರದೆ ಕೀಯ ಮೈಮೇಲೆ ಹಾವಿನಂತೆ ಗೀರಿದ್ದರೆ ಅದಕ್ಕೆ ಬೇರೆ ಯಂತ್ರ ಬೇಕು, ಎಲ್ಲರ ಬಳಿಯೂ ಇರುವುದಿಲ್ಲ.

ಹೊಸ ಕಾರಿನ ಕೀಗಳ ಜೊತೆ ಸಂಖ್ಯೆ ಇರುವ ಸಣ್ಣ ಬಿಲ್ಲೆ ಬಂದಿದ್ದರೆ ಅದನ್ನು ಕೀ ಗೊಂಚಲಿನಲ್ಲೇ ನೇತುಹಾಕಿಕೊಂಡು ತಿರುಗಬೇಡಿ. ಆ ಸಂಖ್ಯೆಯಿಂದ ಹೊಸ ಕೀ ಕತ್ತರಿಸಬಹುದು. ಆರ್‌ಸಿ ಜೊತೆ ಮನೆಯಲ್ಲಿರಲಿ.

ಕೀ ಕಳೆದೇ ಹೋದರೆ ಪೊಲೀಸರಿಗೆ ಕಳೆದುಹೋದ ಬಗ್ಗೆ ಮಾಹಿತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆರ್‌ಸಿ, ಗುರುತಿನ ಚೀಟಿ, ಮನೆಯಲ್ಲಿ ಉಳಿದಿರುವ ಎಲ್ಲ ಕೀಗಳನ್ನೂ ತೆಗೆದುಕೊಂಡು ಡೀಲರ್ ಬಳಿ ಹೋಗಿ. ಎಲ್ಲ ಕೀಗಳನ್ನೂ ಏಕೆ ಒಯ್ಯಬೇಕೆಂದರೆ, ಹಲವು ಕಾರುಗಳಲ್ಲಿ ಹೊಸ ಕೀ ಸೇರಿಸುವಾಗ ಹಳೆಯ ನೆನಪನ್ನು ಅಳಿಸಿ ಎಲ್ಲವನ್ನೂ ಮತ್ತೆ ಪರಿಚಯಿಸಬೇಕಾಗುತ್ತದೆ. ಕಳೆದ ಕೀಯನ್ನು ಕಾರಿನ ನೆನಪಿನಿಂದ ತೆಗೆದುಹಾಕಿದ್ದೀರಾ ಎಂದು ಬಾಯಿಬಿಟ್ಟು ಕೇಳಿ. ಹಳೇ ಕಾರು ಕೊಳ್ಳುವವರಂತೂ ಎರಡನೆಯ ಕೀ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಕಾರು ಕಳವಾದರೆ ವಿಮಾ ಕಂಪನಿಯವರು ಎರಡೂ ಕೀ ಕೇಳುತ್ತಾರೆ, ಒಂದೇ ಇದ್ದರೆ ಸಾಲುಸಾಲು ಪ್ರಶ್ನೆ.

ಸ್ಕೂಟರಿನವರಿಗೆ

ಸೀಟಿನ ಕೆಳಗಿನ ಜಾಗಕ್ಕೂ ನಾವು ಡಿಕ್ಕಿ ಎಂದೇ ಅನ್ನುವುದರಿಂದ ಎರಡು ಮಾತು. ಆಕ್ಟಿವಾದಂಥ ಸ್ಕೂಟರುಗಳ ಕೀ ತೂತಿಗೆ ಶಟರ್ ಇರುತ್ತದೆ. ಅದು ಮುಚ್ಚಿದ್ದರೆ ಕೀಯ ತಲೆಯಲ್ಲಿರುವ ಷಟ್ಕೋನದ ಮೂತಿಯನ್ನು ಪಕ್ಕದ ಗುಳಿಗೆ ಇಟ್ಟು ತಿರುಗಿಸಬೇಕು. ಆ ಮೂತಿಯೊಳಗೆ ಪುಟ್ಟ ಅಯಸ್ಕಾಂತಗಳಿವೆ. ಬರೀ ಹಲ್ಲು ಕತ್ತರಿಸಿದ ನಕಲಿಗೆ ಆ ಅಯಸ್ಕಾಂತ ಇರುವುದಿಲ್ಲ. ಮಾರ್ಕೆಟ್ಟಿನಲ್ಲಿ ಯಾರೋ ತಮಾಷೆಗೆ ಶಟರ್ ಮುಚ್ಚಿ ಹೋದರೆ ನಕಲಿ ಕೀ ಹಿಡಿದವರು ಅಲ್ಲೇ ನಿಲ್ಲಬೇಕು. ನಕಲಿ ಮಾಡಿಸುವಾಗ 'ಮ್ಯಾಗ್ನೆಟ್ ಇರೋದು ಬೇಕು' ಎಂದು ಹೇಳಿ. ಬ್ಯಾಂಕಿನಿಂದ ತಂದ ಹಣವನ್ನು ಮಾತ್ರ ಆ ಸೀಟಿನ ಕೆಳಗಿಟ್ಟು ಕಾಫಿಗೆ ಹೋಗಬೇಡಿ. ಸ್ಕೂಟರ್ ಡಿಕ್ಕಿಯಿಂದ ಹಣ ಮಾಯ ಎಂಬ ಸುದ್ದಿ ಎಷ್ಟು ಸಲ ಓದಿಲ್ಲ ನಾವು.

ತಿಪಟೂರಿನ ಆ ದಿನ ಸೀರೆ ಸಮಯಕ್ಕೆ ಮುಟ್ಟಿತು. ಕೀ ಮಾಡುವವರು ದುಡ್ಡು ಎಷ್ಟು ಹೇಳಿದರೂ ಕೊಡುವ ಸ್ಥಿತಿಯಲ್ಲಿದ್ದೆ. ಅವರು ಇನ್ನೂರು ರೂಪಾಯಿ ಇಸಿದುಕೊಂಡು, ಊಟದ ಪಂಕ್ತಿ ಎಷ್ಟು ಹೊತ್ತಿಗೆ ಎಂದು ಭಾವನನ್ನು ಕೇಳುತ್ತಾ ಒಳಗೆ ಹೋದರು.